ನಮ್ಮ ಕೇರಿಯ ಎಂಜಿನ್ನಿನ ನೀಲಿ

ಮೊನ್ನೆ ಪಕ್ಕದ ಮನೆಯವರು ಹೊಸ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿಸುತ್ತಿದ್ದರು. ಕಾಂಪೌಂಡಿನ ಆಚೆಯಿಂದ ಆ ವಾಸನೆ ಬಂದದ್ದೇ ನಾನು ಕಾಫಿ ಲೋಟ ಕೆಳಗಿಟ್ಟೆ. ಹೋದ ವರ್ಷ ಇಡೀ ಮಳೆಗಾಲ ನನ್ನ ಸೀರೆ, ತಲೆಕೂದಲು, ಅಡುಗೆಮನೆಯ ಟವೆಲ್ಲು ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು. ವಾಸನೆಯ ಜೊತೆಗೆ ಸಿಟ್ಟೂ ಬಂತು. ವರ್ಷವಾದರೂ ಅದು ಆರಿಲ್ಲ. ಆರಬೇಕು ಅಂತ ನನಗೂ ಅನ್ನಿಸಿಲ್ಲ.

ನಾನು ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಂತ್ರಕ್ಕೆ ಬಳಿದ ಬಣ್ಣ ಸರಿಯಾಗಿ ಕೂತಿದೆಯೇ, ಎಲ್ಲಾದರೂ ಗುಳ್ಳೆ ಎದ್ದಿದೆಯೇ, ನಮೂನೆಗೆ ಹೊಂದುತ್ತದೆಯೇ ಅಂತ ನೋಡಿ ಪಾಸು ಮಾಡುವುದು, ಇಲ್ಲವೇ ವಾಪಸು ಕಳಿಸುವುದು ನನ್ನ ಕೆಲಸ. ಈಗ ಮನೆ ಕುವೆಂಪುನಗರದಲ್ಲಿ. ಹುಟ್ಟಿದ ಊರಿಗೆ ಇಲವಾಲ ದಾಟಿ ಒಳಗೆ ಹೋಗಬೇಕು. ಊರಿನ ಹೆಸರು ಬೇಡ. ಅದರ ಅಕ್ಕಪಕ್ಕದ ಊರುಗಳ ಕತೆಯೂ ಇದೇ ಇದ್ದೀತು.

ಹೋದ ವರ್ಷ ಮುಂಗಾರು ಶುರುವಾದ ಹೊಸತರಲ್ಲಿ ಊರಿನಿಂದ ನನ್ನ ಚಿಕ್ಕಪ್ಪ ಮಾದಯ್ಯ ಫೋನು ಮಾಡಿದ. ರಸ್ತೆ ಅಗಲ ಮಾಡುತ್ತಿದ್ದಾರೆ, ನಮ್ಮ ಕೇರಿಯ ಹಳೇ ಹಿಟ್ಟಿನ ಮಿಲ್ಲಿನ ಶೆಡ್ಡು ಹೋಗುತ್ತದೆ, ಒಳಗಿರುವ ಆಯಿಲ್ ಎಂಜಿನ್ನನ್ನು ತೂಕಕ್ಕೆ ಕೇಳಿಕೊಂಡು ಗುಜರಿಯವನು ಬಂದು ಕೂತಿದ್ದಾನೆ, ಏನು ಮಾಡಲಿ ಅಂದ. ಕೊಡಬೇಡ, ನಾನು ಬರುತ್ತೇನೆ ಅಂದೆ.

ಆ ಎಂಜಿನ್ನು ಯಾಕೆ ಬಂತು ಅನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಗ ಊರಿಗೆಲ್ಲ ಇದ್ದದ್ದು ಒಂದೇ ಮಿಲ್ಲು, ಪಟೇಲರದು. ನಮ್ಮ ಕೇರಿಯ ಹೆಂಗಸರು ರಾಗಿ ಚೀಲ ಹೊತ್ತು ಹೋದರೆ ಹೊರಗೆ ಹೊಂಗೆ ಮರದ ಬುಡದಲ್ಲಿ ಇಳಿಸಬೇಕಿತ್ತು. ಊರವರದೆಲ್ಲ ಮುಗಿದ ಮೇಲೆ ಕಡೆಯಲ್ಲಿ ನಮ್ಮದು. ನಮ್ಮದು ಬೀಸಿದ ಮೇಲೆ ಕಲ್ಲು ಶುದ್ಧವಾಗಲಿ ಅಂತ ಅದಕ್ಕೆ ತೌಡು ಹಾಕಿ ಓಡಿಸುತ್ತಿದ್ದರಂತೆ. ಆ ತೌಡನ್ನೂ ನಮ್ಮವರೇ ಕೊಡಬೇಕಂತೆ. ಹೊತ್ತು ಮುಳುಗಿದರೆ, ಇವತ್ತಾಗಲ್ಲ ಹೋಗಿ ಅಂತ ಹಾಗೇ ವಾಪಸು ಕಳಿಸುತ್ತಿದ್ದರು. ಹಾಗೆ ವಾಪಸು ಬಂದ ಒಂದು ದಿನ ಕೇರಿಯವರು ಕೂತು ಮಾತಾಡಿದರು. ಮನೆಮನೆಯವರೂ ಕೂಡಿಸಿ, ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ ಕಬ್ಬು ಅರೆಯುತ್ತಿದ್ದ ಹಳೇ ಎಂಜಿನ್ನನ್ನು ಕೊಂಡು, ಎರಡು ಗಾಡಿ ಬದಲಿಸಿ ತಂದರು. ನನ್ನ ತಾತ ಸಿದ್ದಯ್ಯ ಅದಕ್ಕೆ ಮೇಸ್ತ್ರಿಯಾದ. ತಾತನ ನಂತರ ಚಿಕ್ಕಪ್ಪ. ನಾನು ಹುಟ್ಟುವ ಸ್ವಲ್ಪ ಮೊದಲಿನ ಮಾತು ಇದು. ಹೊಗೆ ಕೊಳವೆಯ ಬಾಯಿಗೆ ಒಂದು ತಗಡಿನ ಡಬ್ಬಿ ಸಿಕ್ಕಿಸಿದ್ದರು. ಮಿಲ್ಲು ಶುರುವಾದರೆ ಕೂಕ್ ಕೂಕ್ ಅಂತ ಅದು ಕೂಗುವುದು ಪಟೇಲರ ಜಗಲಿಗೂ ಕೇಳುತ್ತಿತ್ತು. ಕೇಳಲಿ ಅಂತಲೇ ಸಿಕ್ಕಿಸಿದ್ದು ಅಂತ ಚಿಕ್ಕಪ್ಪ ಈಗಲೂ ನಗುತ್ತಾನೆ. ಕರೆಂಟಿನ ಮೋಟಾರು ಬಂದ ಮೇಲೆ ಎಂಜಿನ್ನು ಮೂಲೆ ಸೇರಿತು.

ಚೈನ್ ಪುಲ್ಲಿ ಕಟ್ಟಿ, ಟೆಂಪೋಗೆ ಏರಿಸಿ, ಅದನ್ನು ಕುವೆಂಪುನಗರದ ನಮ್ಮ ಮನೆಯ ಕಾರು ನಿಲ್ಲಿಸುವ ಜಾಗಕ್ಕೆ ತಂದೆವು. ಚಿಕ್ಕಪ್ಪನೂ ಬಂದು ನಮ್ಮಲ್ಲೇ ಉಳಿದ. ಬೀದಿಯವರು ಸ್ಕೂಟರ್ ನಿಧಾನ ಮಾಡಿ ಬಗ್ಗಿ ನೋಡಿಕೊಂಡು ಹೋಗುವವರು. ಎದುರುಮನೆಯಾಕೆ ಇಲ್ಲಿ ಮಿಲ್ಲು ಹಾಕುತ್ತೀರೇನು, ಧೂಳಾಗುತ್ತಲ್ಲ ಅಂತ ವಿಚಾರಿಸಿದರು. ಅಡ್ಡಡ್ಡ ಮಲಗಿದ ಒಂದೇ ಸಿಲಿಂಡರು, ಎರಡು ಪಕ್ಕಕ್ಕೂ ಎದೆಮಟ್ಟದ ಗಾಲಿ, ಮೇಲೊಂದು ನೀರಿನ ತೊಟ್ಟಿ. ಮೈತುಂಬ ಎಣ್ಣೆ ಜಿಡ್ಡು, ಅದರ ಮೇಲೆ ಹಿಟ್ಟಿನ ಧೂಳು ಕೂತು ಕೂತು ಚರ್ಮದ ಹಾಗಾಗಿತ್ತು. ತಯಾರಿಸಿದವರ ಹೆಸರಿನ ಹಿತ್ತಾಳೆ ಫಲಕ ಯಾವಾಗಲೋ ಹೋಗಿ, ಅದರ ಸ್ಕ್ರೂ ತೂತುಗಳು ಮಾತ್ರ ಉಳಿದಿದ್ದವು.

ಇದು ಯಾವ ಎಂಜಿನ್ನು, ಯಾರು ಮಾಡಿದ್ದು ಅಂತ ಪತ್ತೆ ಮಾಡಲು ನಾನು ಹುಡುಕಿಕೊಂಡು ಹೋದದ್ದು ರಾಜಶೇಖರ್ ಅವರನ್ನು. ನಿವೃತ್ತ ಎಂಜಿನಿಯರು. ನಗರದಲ್ಲಿ ಹಳೇ ಕಾರು, ಹಳೇ ಯಂತ್ರ ಇಟ್ಟುಕೊಂಡವರ ಒಂದು ಕೂಟ ಇದೆ, ಅದಕ್ಕೆ ಮುಖ್ಯಸ್ಥರು. ಅವರ ಮೇಲೆ ನನಗೆ ಸಿಟ್ಟಿದೆ ನಿಜ, ಆದರೆ ಯಂತ್ರದ ವಿಷಯದಲ್ಲಿ ಅವರು ದೊಡ್ಡವರು, ಅದನ್ನು ಇಲ್ಲವೆನ್ನಲಾರೆ. ಮಳೆಯಲ್ಲಿ ನೆನೆದುಕೊಂಡು ಬಂದರು, ಟಾರ್ಚು ಹಿಡಿದು ನೆಲದ ಮೇಲೇ ಮಲಗಿ ಎಂಜಿನ್ನಿನ ಹೊಟ್ಟೆ ನೋಡಿದರು. ಮೊದಲ ನೋಟಕ್ಕೆ ಇಂಗ್ಲೆಂಡಿನದು ಅಂದರು. ಮುಖ ಅರಳಿತ್ತು. ಆಮೇಲೆ ಇಂಧನದ ಪಂಪು ಕೂತಿರುವ ಜಾಗ ನೋಡಿ ಹುಬ್ಬು ಗಂಟಿಕ್ಕಿದರು. ಗಾಲಿಯ ಕಡ್ಡಿಯ ಒಳಮೈಯಲ್ಲಿ ಎರಕದ ಅಕ್ಷರಗಳು ಅರ್ಧಂಬರ್ಧ ಕಂಡವು. ಅದರ ಮೇಲೆ ಸೀಮೆಸುಣ್ಣ ಉಜ್ಜಿ ಫೋಟೊ ತೆಗೆದು ಕೊಯಮತ್ತೂರು, ರಾಜಕೋಟೆಗಳ ತಮ್ಮ ಗೆಳೆಯರಿಗೆಲ್ಲ ಕಳಿಸಿದರು. ಉತ್ತರ ಬರಲು ಆಷಾಢವೆಲ್ಲ ಹಿಡಿಯಿತು. ಇಂಗ್ಲೆಂಡಿನದಲ್ಲ. ಇಂಗ್ಲೆಂಡಿನ ಒಂದು ಮಾದರಿ ನೋಡಿಕೊಂಡು ನಮ್ಮ ದೇಶದಲ್ಲೇ ಒಂದು ಸಣ್ಣ ಎರಕದ ಕಾರ್ಖಾನೆಯವರು ಮಾಡಿದ್ದು. ಆ ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ.

ರಾಜಶೇಖರ್ ಅವರ ಉತ್ಸಾಹ ಸ್ವಲ್ಪ ಇಳಿಯಿತು. ದೇಶೀ ನಕಲು ಅಷ್ಟೇ ಮೇಡಂ ಅಂದರು. ಆ ಮಾತು ನನಗೆ ಹಿಡಿಸಲಿಲ್ಲ. ಕಬ್ಬು ಅರೆದು, ಒಂದು ಕೇರಿಗೆ ತಲೆಮಾರು ಹಿಟ್ಟು ಕೊಟ್ಟ ಯಂತ್ರವನ್ನು ನಕಲು ಅಂತ ಯಾವ ಬಾಯಲ್ಲಿ ಅನ್ನುವುದು? ಆದರೂ ನಿಜ ಹೇಳಿದರಲ್ಲ, ಅದು ಮುಖ್ಯ.

ಬಣ್ಣ ನನ್ನ ಕೆಲಸ. ಹಳೇ ಯಂತ್ರಕ್ಕೆ ಮತ್ತೆ ಬಣ್ಣ ಬಳಿಯುವ ಮೊದಲು ಅದರ ಮೇಲೆ ಏನೇನು ಬಳಿದಿದ್ದರು ಅಂತ ತಿಳಿಯಬೇಕು. ಬಿಸಿಲು, ಕೈ ತಾಗದ ಜಾಗ ಹುಡುಕಿ, ಎಮರಿ ಕಾಗದದಿಂದ ಬೊಟ್ಟಿನಷ್ಟಗಲ ಮೆಲ್ಲಗೆ ಉಜ್ಜುತ್ತಾ ಹೋದರೆ ಒಂದರ ಸುತ್ತ ಒಂದು ಬಳೆಯ ಹಾಗೆ ಬಣ್ಣದ ಪದರಗಳು ಕಾಣುತ್ತವೆ. ತೊಟ್ಟಿಯ ಕೆಳಗೆ ಉಜ್ಜಿದೆ. ಜಿಡ್ಡಿನ ಕೆಳಗೆ ನೀಲಿ. ನೀಲಿಯ ಕೆಳಗೆ ಮತ್ತೆ ಜಿಡ್ಡು, ಅದು ಆಲೆಮನೆಯದು. ಅದರ ಕೆಳಗೆ ಗಾಢ ಹಸಿರು, ಕೊನೆಗೆ ತುಕ್ಕು ಹಿಡಿಯದಿರಲಿ ಅಂತ ಬಳಿಯುವ ರೆಡ್ ಆಕ್ಸೈಡು. ಅಂದರೆ ಕಾರ್ಖಾನೆಯಿಂದ ಹೊರಟಾಗ ಅದು ಹಸಿರು. ನಮ್ಮ ಕೇರಿಗೆ ಬಂದ ಮೇಲೆ ನೀಲಿ.

ಚಿಕ್ಕಪ್ಪನನ್ನು ಕೇಳಿದೆ. ಅವನು ಆಗ ಮೀಸೆ ಮೂಡದ ವಯಸ್ಸಿನವನು. ಆ ನೀಲಿ ಅಂಗಡಿಯಿಂದ ತಂದದ್ದಲ್ಲ ಅಂದ. ಕೇರಿಯ ಸಂಘದ ಬಾವುಟದ ನೀಲಿಯೇ ಬೇಕು ಅಂತ ತಾತನ ಹಟ. ಅಂಗಡಿಯಲ್ಲಿ ಸಿಕ್ಕಿದ್ದು ಯಾವುದೂ ಹೊಂದಲಿಲ್ಲ. ಕೊನೆಗೆ ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು, ಸ್ವಲ್ಪ ಸತುವಿನ ಬಿಳಿ ಸೇರಿಸಿ ಹಚ್ಚಿದರಂತೆ. ಸಿಲಿಂಡರಿನ ತಲೆ ಬಿಸಿಯಾಗಿ ಅಲ್ಲಿ ಬಣ್ಣ ಸುಟ್ಟುಹೋಗುವುದೆಂದು, ಅಷ್ಟು ಭಾಗಕ್ಕೆ ದೀಪದ ಮಸಿ.

ನಾನು ನಂಬಿದೆ, ಆದರೂ ನನ್ನ ಕಸುಬಿನ ಅಭ್ಯಾಸ ಬಿಡುವುದಿಲ್ಲ. ಆ ಪುಡಿಯ ನೀಲಿಗೆ ಆಮ್ಲ ಆಗುವುದಿಲ್ಲ. ಒಂದು ಚಕ್ಕೆ ಕೆತ್ತಿ, ನುಣ್ಣಗೆ ಪುಡಿ ಮಾಡಿ, ಗಾಜಿನ ಮೇಲಿಟ್ಟು ನೀರು ಬೆರೆಸಿದ ಆಮ್ಲ ಹನಿಸಿದೆ. ಸ್ವಲ್ಪ ಹೊತ್ತಿಗೆ ನೀಲಿ ಬಿಳಚಿಕೊಂಡಿತು, ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಚಿಕ್ಕಪ್ಪ ಮೂಗು ಮುಚ್ಚಿಕೊಂಡು, ‘ನಾ ಏಳಿದ್ದು ಸಾಲ್ದೇನವ್ವ, ಈ ಗಬ್ಬೂ ಸಾಕ್ಷಿ ಏಳ್ಬೇಕಿತ್ತಾ’ ಅಂದ.

ಮೊದಲ ಜಗಳ ಇಲ್ಲೇ ಆದದ್ದು. ರಾಜಶೇಖರ್ ಅವರ ಪ್ರಕಾರ ಹಳೇ ಯಂತ್ರಕ್ಕೆ ಅಸಲಿ ಬಣ್ಣವೆಂದರೆ ಕಾರ್ಖಾನೆಯ ಬಾಗಿಲು ದಾಟಿದಾಗ ಇದ್ದದ್ದು. ಇದಕ್ಕೆ ಹಸಿರೇ. ನೀಲಿ ಆಮೇಲೆ ಯಾರೋ ಬಳಿದದ್ದು, ಕೆರೆದು ಹಾಕಬೇಕು. ಅವರ ಕೂಟದ ನಿಯಮವೇ ಹಾಗೆ. ನಾನೂ ಬದುಕೆಲ್ಲ ಕಾರ್ಖಾನೆಯ ಬಾಗಿಲಲ್ಲಿ ನಿಂತು ಬಣ್ಣ ನೋಡಿದವಳೇ. ಆದರೆ ‘ಯಾರೋ’ ಅನ್ನುವ ಮಾತು ಚುಚ್ಚಿತು. ಯಾರೋ ಅಲ್ಲ ಸರ್, ನನ್ನ ತಾತ ಅಂದೆ. ಆಲೆಮನೆಯಲ್ಲಿ ಕೂಲಿಗೆ ಕಬ್ಬು ಅರೆಯುತ್ತಿದ್ದಾಗ ಹಸಿರಾಗಿತ್ತು, ನಮ್ಮದಾದ ದಿನ ನೀಲಿಯಾಯಿತು, ಇದು ಯಾವುದೋ ಮಾದರಿಯ ಎಂಜಿನ್ನಾಗಿ ಉಳಿದಿಲ್ಲ, ನಮ್ಮ ಮಿಲ್ಲಿನ ಎಂಜಿನ್ನಾಗಿ ಉಳಿದಿದೆ ಅಂತ ವಾದಿಸಿದೆ. ಅವರು ಎರಡು ವಾರ ಬರಲಿಲ್ಲ. ಆಮೇಲೆ ಒಂದು ಸಂಜೆ ಬಂದು, ತೊಟ್ಟಿಯ ಕೆಳಗಿನ ಪದರಗಳನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ನೀಲಿಗೆ ಒಪ್ಪಿದರು. ಅವತ್ತು ಅವರ ಮೇಲೆ ಗೌರವ ಬಂದಿತ್ತು.

ಆ ಮಳೆಗಾಲದಲ್ಲಿ ಅಗಸೆ ಎಣ್ಣೆಯ ಬಣ್ಣ ಒಣಗಿಸುವುದೆಂದರೆ ಶಿಕ್ಷೆ. ಗಾಳಿಯೆಲ್ಲ ತೇವ. ಹಚ್ಚಿದ ಪದರ ದಿನಗಟ್ಟಲೆ ಅಂಟಂಟು. ಬಲ್ಬು ಹಚ್ಚಿ ಬಿಸಿ ಕೊಟ್ಟರೆ ಮಳೆಹುಳುಗಳೆಲ್ಲ ಬಂದು ಹೊಸ ನೀಲಿಗೆ ಅಂಟಿಕೊಳ್ಳುವವು, ಮತ್ತೆ ಉಜ್ಜಿ ಮತ್ತೆ ಹಚ್ಚುವುದು. ನೀಲಿ ಪುಡಿ ಹುಡುಕಲು ದೇವರಾಜ ಮಾರ್ಕೆಟ್ಟಿನ ಸುತ್ತ ಅಲೆದೆ. ಈಗ ಎಲ್ಲ ಕಡೆ ನೀರಿನ ನೀಲಿಯೇ. ಪುಡಿ ಸಿಕ್ಕಿದ ದಿನ ಚಿಕ್ಕಪ್ಪ ಅದನ್ನು ಕಲ್ಲಿನ ಮೇಲೆ ಎಣ್ಣೆ ಬಿಟ್ಟು ಅರೆದ, ನಾನು ಬಿಳಿ ಬೆರೆಸುತ್ತಾ ಹಳೇ ಚಕ್ಕೆಯ ಪಕ್ಕ ಹಿಡಿದು ನೋಡಿದೆ. ಹೊಂದಿತು ಅನ್ನುವಾಗ ಅವನು ಬೇಡ ಅಂತ ತಲೆಯಾಡಿಸಿದ. ಆ ಚಕ್ಕೆ ಬಿಸಿಗೆ, ಎಣ್ಣೆಗೆ ಸಿಕ್ಕಿ ಕಪ್ಪಾಗಿದೆ, ಹಚ್ಚಿದ ದಿನ ಅದು ಇನ್ನೂ ತಿಳಿ ಇತ್ತು ಅಂದ. ಮತ್ತಷ್ಟು ಬಿಳಿ ಹಾಕಿದೆವು. ಕುಂಚದಲ್ಲೇ ಹಚ್ಚಿದೆವು, ಆಗಲೂ ಕುಂಚವೇ ಅಲ್ಲವೇ. ಕೂದಲೆಳೆಯ ಗೆರೆಗಳು ಉಳಿದವು. ಕಾರ್ಖಾನೆಯಲ್ಲಾಗಿದ್ದರೆ ನಾನೇ ಅದನ್ನು ವಾಪಸು ಕಳಿಸುತ್ತಿದ್ದೆ.

ಅಷ್ಟರಲ್ಲಿ ಚಿಕ್ಕಪ್ಪ ಪಂಪು, ವಾಲ್ವು ಎಲ್ಲ ಬಿಚ್ಚಿ ತೊಳೆದು ಎಂಜಿನ್ನನ್ನು ಓಡುವ ಹಾಗೆ ಮಾಡಿದ್ದ. ದಸರೆ ಮುಗಿದ ಮೇಲೆ ಕೂಟದವರ ಪ್ರದರ್ಶನ. ನಮ್ಮ ಎಂಜಿನ್ನು ಓಡುತ್ತಾ ಇರಬೇಕು, ಉದ್ಘಾಟನೆಗೆ ಅದನ್ನೇ ಶುರು ಮಾಡಿಸೋಣ ಅಂತ ರಾಜಶೇಖರ್ ಕೇಳಿದರು. ಒಂದೇ ಷರತ್ತು ಹಾಕಿದೆ. ಮುಂದಿನ ಬೋರ್ಡಿನಲ್ಲಿ ಅದು ಯಾರ ಮಿಲ್ಲಿನದು, ಆ ಮಿಲ್ಲು ಯಾಕೆ ಆಯಿತು ಅಂತ ಬರೆಯಬೇಕು. ಬರೆದುಕೊಡಿ ಅಂದರು. ನಾಲ್ಕೇ ಸಾಲು ಬರೆದುಕೊಟ್ಟೆ. ಯಾರನ್ನೂ ಬೈದಿರಲಿಲ್ಲ. ಹೊಂಗೆ ಮರ, ತೌಡು, ಕೇರಿಯ ಮನೆಗಳು, ತಾತನ ಹೆಸರು, ಅಷ್ಟೇ.

ಪ್ರದರ್ಶನದ ಬೆಳಿಗ್ಗೆ ನಾನು, ಚಿಕ್ಕಪ್ಪ ಬೇಗ ಹೋದೆವು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಎಂಜಿನ್ನು ಶಾಮಿಯಾನದ ಮುಂದೆ ಬೆಳಗಿನ ಬಿಸಿಲಿನಲ್ಲಿ ನಿಂತಿತ್ತು, ಮುಂದೆ ಬೋರ್ಡು. ಓದಿದೆ. ಪಟೇಲ್ ಮನೆತನದವರು ಗ್ರಾಮದಲ್ಲಿ ಸ್ಥಾಪಿಸಿದ ಹಿಟ್ಟಿನ ಗಿರಣಿಯ ಎಂಜಿನ್, ಅನಂತರ ಗ್ರಾಮದ ಬಡವರ ಉಪಯೋಗಕ್ಕಾಗಿ ದಾನವಾಗಿ ನೀಡಲಾಯಿತು ಅಂತ ಬರೆದಿತ್ತು.

ನಾನು ಮತ್ತೆ ಓದಿದೆ. ಚಿಕ್ಕಪ್ಪ ಕನ್ನಡಕ ತಂದಿರಲಿಲ್ಲ, ಏನು ಬರೆದವ್ರೆ ಓದವ್ವ ಅಂದ. ಓದಿ ಹೇಳಿದೆ. ಅವನು ಎಂಜಿನ್ನಿನ ಪಕ್ಕದ ಕುರ್ಚಿಯಲ್ಲಿ ಕೂತು, ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡ.

ರಾಜಶೇಖರ್ ಅವರನ್ನು ಹಿಡಿದು ನಿಲ್ಲಿಸಿದೆ. ಆಗ ಗೊತ್ತಾಯಿತು. ಪಟೇಲರ ಮೊಮ್ಮಗ ಪ್ರಸನ್ನ ಈಗ ಇಲವಾಲದ ಕಡೆ ಲೇಔಟ್ ಮಾಡುವ ದೊಡ್ಡ ಕುಳ, ಪ್ರದರ್ಶನದ ಖರ್ಚಿನಲ್ಲಿ ಬಹುಪಾಲು ಅವನದೇ. ಬೋರ್ಡಿನ ಕರಡು ಅವನ ಕಣ್ಣಿಗೆ ಬಿದ್ದಿದೆ. ಆ ಕಾಲದಲ್ಲಿ ಅವರ ಹತ್ತಿರ ಎಂಜಿನ್ ಕೊಳ್ಳುವ ಶಕ್ತಿ ಎಲ್ಲಿತ್ತು, ನಮ್ಮ ತಾತನೇ ಕೊಟ್ಟಿರಬೇಕು ಅಂದಿದ್ದಾನೆ. ಕೊಟ್ಟಿರಬೇಕು! ಗಾಲಿಯ ಕಡ್ಡಿಯ ಮೇಲಿನ ಅರ್ಧ ಅಕ್ಷರಕ್ಕೆ ರಾಜಕೋಟೆಯವರೆಗೂ ಸಾಕ್ಷಿ ಕೇಳಿದ ಮನುಷ್ಯರು, ಈ ‘ಇರಬೇಕು’ಗೆ ಯಾವ ಸಾಕ್ಷಿಯನ್ನೂ ಕೇಳಿರಲಿಲ್ಲ.

ರಾಜಶೇಖರ್ ಧ್ವನಿ ತಗ್ಗಿಸಿ, ‘ಮೇಡಂ, ಇದು ಯಂತ್ರಗಳ ಪ್ರದರ್ಶನ. ಜಾತಿ ವಿಷಯ ಯಾಕೆ ಅಂತ. ಯಾರಿಗೂ ನೋವಾಗೋದು ಬೇಡ’ ಅಂದರು.

‘ಯಾರಿಗೂ ಅಂದ್ರೆ, ನಮ್ಮನ್ನ ಬಿಟ್ಟು ಇನ್ಯಾರಿಗೂ, ಅಲ್ವಾ ಸರ್?’ ಅಂದೆ.

ಅಷ್ಟರಲ್ಲಿ ಪ್ರಸನ್ನನೇ ಅತಿಥಿಗಳ ಜೊತೆ ಬಂದ. ನಗುಮುಖದವನು, ಒರಟನಲ್ಲ. ಚಿಕ್ಕಪ್ಪನ ಭುಜ ತಟ್ಟಿ, ಏನಪ್ಪಾ ಮಾದಯ್ಯ, ಚೆನ್ನಾಗಿದ್ದೀಯಾ, ಶುರು ಮಾಡು ಅಂದ. ಅವನ ಅಪ್ಪನಿಗಿಂತ ಹಿರಿಯ ನನ್ನ ಚಿಕ್ಕಪ್ಪ. ಸುತ್ತ ಫೋನು ಹಿಡಿದು ಜನ ನಿಂತರು. ಚಿಕ್ಕಪ್ಪ ಎದ್ದ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸನ್ನನ ಮುಂದೆ ಚಾಚಿದ.

‘ದಾನ ಕೊಟ್ಟಿದ್ದು ಅಂತ ಬರ್ದದೆ ಬುಡಿ. ಕೊಟ್ಟೋರೇ ಶುರು ಮಾಡ್ಲಿ.’

ಜೋರಾಗಿ ಹೇಳಲಿಲ್ಲ. ಆದರೆ ಎಲ್ಲರಿಗೂ ಕೇಳಿತು. ಪ್ರಸನ್ನ ನಗುತ್ತಲೇ ಹ್ಯಾಂಡಲು ತೆಗೆದುಕೊಂಡ. ಅದನ್ನು ಯಾವ ಕಡೆ ಸಿಕ್ಕಿಸಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಯಾರೋ ತೋರಿಸಿದರು. ಮೊದಲು ವಾಲ್ವ್ ಎತ್ತಿ ಹಿಡಿದು, ಗಾಲಿಗೆ ವೇಗ ಬಂದ ಮೇಲೆ ಬಿಡಬೇಕು. ಅದೂ ಗೊತ್ತಿರಲಿಲ್ಲ. ಮೈಯೆಲ್ಲ ಹಾಕಿ ತಿರುಗಿಸಿದ. ಗಾಲಿ ಅರ್ಧ ಸುತ್ತು ಹೋಗಿ, ನಿಂತು, ಹಿಂದಕ್ಕೆ ಬಂತು. ಇನ್ನೊಮ್ಮೆ ಹಾಗೇ. ಹಿಂದೆ ನಿಂತವರಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಚಿಕ್ಕಪ್ಪನೂ ನಗಲಿಲ್ಲ. ತನ್ನ ಎಂಜಿನ್ನಿಗೆ ನೋವಾಗುತ್ತದೋ ಅನ್ನುವ ಹಾಗೆ ನೋಡುತ್ತಿದ್ದ.

ರಾಜಶೇಖರ್ ನನ್ನನ್ನು ಪಕ್ಕಕ್ಕೆ ಕರೆದು ಒಂದು ದಾರಿ ಹೇಳಿದರು. ಬೋರ್ಡಿನ ಮೇಲೆ ಬಿಳಿ ಕಾಗದ ಅಂಟಿಸಿಬಿಡೋಣ, ಅವರದೂ ಬೇಡ, ನಿಮ್ಮದೂ ಬೇಡ ಅಂತ. ಅವರಿಗೆ ಅದು ನ್ಯಾಯ ಅನ್ನಿಸಿತ್ತು. ಸುಳ್ಳಿಗೂ ನಿಜಕ್ಕೂ ಸಮನಾಗಿ ಕಾಗದ ಅಂಟಿಸುವುದು ನ್ಯಾಯವಂತೆ! ನಾನು ಎಂಜಿನ್ನು ತಂದ ಟೆಂಪೋದವನಿಗೆ ಫೋನು ಮಾಡಿದೆ. ಉದ್ಘಾಟನೆಯ ದೀಪ ಹಚ್ಚುವ ಹೊತ್ತಿಗೆ, ಅದೇ ಅತಿಥಿಗಳ ಎದುರಿಗೆ, ಚೈನ್ ಪುಲ್ಲಿ ಕಟ್ಟಿ ಎಂಜಿನ್ನನ್ನು ಮೇಲೆತ್ತಿದೆವು. ಯಾರೂ ತಡೆಯಲಿಲ್ಲ. ಎತ್ತುವಾಗ ಕೂಟದ ಒಬ್ಬಿಬ್ಬರು ಬಂದು ಕೈಯನ್ನೂ ಜೋಡಿಸಿದರು, ಅದು ನೆನಪಿದೆ. ಕುವೆಂಪುನಗರಕ್ಕಾ ಅಮ್ಮ ಅಂತ ಟೆಂಪೋದವನು ಕೇಳಿದ. ಊರಿಗೆ ನಡಿ ಅಂತ ಚಿಕ್ಕಪ್ಪನೇ ಹೇಳಿದ.

ಕೇರಿಯ ಸಮುದಾಯ ಭವನದ ಮುಂದೆ ಸಿಮೆಂಟು ಕಟ್ಟೆ ಕಟ್ಟಿಸಿ ಅದನ್ನು ಕೂರಿಸಿದರು. ಪಕ್ಕದಲ್ಲಿ ನನ್ನ ನಾಲ್ಕು ಸಾಲಿನ ಬೋರ್ಡು ನಿಲ್ಲಿಸಿದೆವು. ಚಿಕ್ಕಪ್ಪ ಶುರು ಮಾಡಿದಾಗ ಊರಿನವರೂ ಹಲವರು ಬಂದು ನಿಂತರು.

ಆಮೇಲೆ ಕೆಲವು ವಾರಕ್ಕೆ ರಾಜಶೇಖರ್ ಊರಿಗೇ ಬಂದರು. ಬೋರ್ಡು ಓದಿದರು. ಚಿಕ್ಕಪ್ಪನ ಕೈ ಹಿಡಿದುಕೊಂಡು, ಅವತ್ತು ತಪ್ಪಾಯಿತು ಅಂದರು. ಫೋಟೊ ತೆಗೆದುಕೊಳ್ಳಲೇ ಅಂತ ಕೇಳಿದರು. ತೆಗೆಯಿರಿ, ಬೋರ್ಡೂ ಬರಲಿ ಅಂದೆ. ನನ್ನ ಕಣ್ಣೆದುರೇ ಎರಡೂ ಬರುವ ಹಾಗೆ ತೆಗೆದರು.

ಈ ವರ್ಷ ಯುಗಾದಿಯ ಹೊತ್ತಿಗೆ ಕೂಟದವರು ಅಚ್ಚು ಹಾಕಿಸಿದ ಬಣ್ಣದ ಸಂಚಿಕೆ ಬಂತು. ನಡುವಿನ ಪುಟದಲ್ಲಿ ನಮ್ಮ ಎಂಜಿನ್ನು. ನೀಲಿ ಚೆನ್ನಾಗಿ ಬಂದಿತ್ತು. ಬೋರ್ಡು ಇರಲಿಲ್ಲ, ಅಂಚಿಗೆ ಸರಿಯಾಗಿ ಕತ್ತರಿಸಿದ್ದರು. ಕೆಳಗೆ, ಮೈಸೂರು ಸುತ್ತಮುತ್ತ ಬಳಕೆಯಲ್ಲಿದ್ದ ಎಂಜಿನ್, ಮೂಲ ಮಾಲೀಕರು ತಿಳಿದುಬಂದಿಲ್ಲ ಅಂತ ಇತ್ತು. ರಾಜಶೇಖರ್ ಅವರಿಗೆ ಫೋನು ಮಾಡಿದೆ. ಕತ್ತರಿಸಿದ್ದು ತಾನಲ್ಲ, ಸಂಪಾದಕ ಸಮಿತಿ ಅಂದರು. ನಿಜವೇ ಇರಬಹುದು. ಈ ಕಡೆ ಒಬ್ಬರು ಕೈ ಹಿಡಿದು ತಪ್ಪಾಯಿತು ಅನ್ನುತ್ತಾರೆ, ಆ ಕಡೆ ಇನ್ನೊಬ್ಬರು ಕತ್ತರಿಸುತ್ತಾರೆ. ಯಾರನ್ನು ಕೇಳಿದರೂ ತಾನಲ್ಲ.

ಆ ಭಾನುವಾರವೇ ನಾನು ಊರಿಗೆ ಹೋದೆ. ಮಿಕ್ಕಿದ್ದ ಸತುವಿನ ಬಿಳಿ, ಅಗಸೆ ಎಣ್ಣೆ, ಸಣ್ಣ ಕುಂಚ ಒಯ್ದೆ. ಎಂಜಿನ್ನಿನ ನೀರಿನ ತೊಟ್ಟಿಯ ಮೇಲೆ, ಈ ಕಡೆಯಿಂದ ಆ ಕಡೆಯವರೆಗೆ, ಯಾವ ಮೂಲೆಯಿಂದ ಫೋಟೊ ತೆಗೆದರೂ ಬರುವ ಹಾಗೆ ಬರೆದೆ. ಇದು ನಮ್ಮ ಕೇರಿಯವರ ಎಂಜಿನ್ನು, ನಾವೇ ಕೂಡಿ ಕೊಂಡದ್ದು, ಓಡಿಸಿದವರು ಸಿದ್ದಯ್ಯ, ಮಾದಯ್ಯ ಅಂತ. ಚಿಕ್ಕಪ್ಪ ಪಕ್ಕದಲ್ಲಿ ನಿಂತು ಅಕ್ಷರ ಸೊಟ್ಟ ಆಯ್ತದೆ ನೋಡು ಅಂತ ಹೇಳುತ್ತಿದ್ದ.

ಕಳೆದ ತಿಂಗಳು ರಾಜಶೇಖರ್ ಮತ್ತೆ ಬಂದಿದ್ದರು. ತೊಟ್ಟಿಯ ಮುಂದೆ ಕೈಕಟ್ಟಿ ನಿಂತು ಬರಹ ಓದಿದರು. ಅವರಿಗೆ ಸಂಕಟವಾಗುತ್ತಿದೆ ಅಂತ ನನಗೆ ಗೊತ್ತಿತ್ತು. ಹಳೇ ಯಂತ್ರವನ್ನು ಪ್ರೀತಿಸುವವರಿಗೆ ಅದು ಆಗಲೇಬೇಕು, ಬರೆಯುವಾಗ ನನಗೂ ಆಗಿತ್ತು.

‘ಎಷ್ಟು ಕಷ್ಟಪಟ್ಟು ಅಸಲಿ ಬಣ್ಣ ತಂದ್ರಿ ಮೇಡಂ. ಈ ಬರಹ ಮೊದಲು ಇರಲಿಲ್ವಲ್ಲ’ ಅಂದರು.

‘ಇರಲಿಲ್ಲ ಸರ್’ ಅಂದೆ. ‘ಆಗ ಅದನ್ನ ಬೇರೆ ಯಾರೂ ತಮ್ಮದು ಅಂದಿರಲಿಲ್ಲ.’